ದ್ಯಾಮವ್ವ ಕೊಟ್ಟ ಎರಡು ಹೂ

ತಾಯಿಯ ಭಕ್ತರೆ, 2009ರ ಶ್ರಾವಣದಲ್ಲಿ ನಮ್ಮ ಮನೆಯವರು ಗೋವೆಯಿಂದ ಮಲೇರಿಯಾ ಹೊತ್ತುಕೊಂಡು ಬಂದರು. ಅವರು ಗೌಂಡಿ. ಹಳಿಯಾಳ ತಾಲೂಕಿನ ಸಾಂಬ್ರಾಣಿ ಕಡೆಯ ನಮ್ಮೂರಿನ ಅರ್ಧದಷ್ಟು ಗಂಡಸರು ಆಗ ಗೋವೆಯಲ್ಲಿಯೇ ಮನೆ ಕಟ್ಟುತ್ತಿದ್ದರು. ಅಲ್ಲಿ ಯಾರೋ ಒಂದು ನಮೂನೆಯ ಗುಳಿಗೆ ಕೊಟ್ಟು ಜ್ವರ ಇಳಿಸಿದ್ದರಂತೆ. ಊರಿಗೆ ಬಂದ ಮೇಲೆ ಅದು ಮತ್ತೆ ಹಿಡಿಯಿತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಆಮೇಲೆ ಮೈ ಬೆಂಕಿಯಾಗಿ, ಇಲ್ಲದ ಮೇಸ್ತ್ರಿಯ ಜೊತೆ ಜಗಳಾಡುತ್ತಿದ್ದರು.

ಬಸ್ಸಿನಲ್ಲಿ ಅವರ ತಲೆಯನ್ನು ನನ್ನ ಹೆಗಲ ಮೇಲಿಟ್ಟುಕೊಂಡು ಹಳಿಯಾಳದ ದವಾಖಾನೆಗೆ ಹೋದೆ. ಡಾಕ್ಟರು ರಕ್ತ ನೋಡಿಸಿ, ಇದು ಕೆಟ್ಟ ಜಾತಿಯ ಮಲೇರಿಯಾ, ಹಳೆಯ ಗುಳಿಗೆಗೆ ಬಗ್ಗುವುದಿಲ್ಲ ಎಂದರು. ದೊಡ್ಡವು, ಸಣ್ಣವು ಎಂದು ಎರಡು ನಮೂನೆಯ ಗುಳಿಗೆ ಕೊಟ್ಟರು.

"ಗಂಜಿ ಕುಡಿಸಿ ಇವತ್ತ ಎರಡೂ ಕೂಡೇ ನುಂಗಸ್ರಿ. ನಾಳೆ, ನಾಡದು ಸಣ್ಣವು ಅಷ್ಟ. ಒಂದಕ್ಕ ಸಾಯಲಾರದ ಹುಳ ಇನ್ನೊಂದಕ್ಕ ಸಾಯ್ತಾವ. ಜ್ವರಾ ಬಿಟ್ಟತಂತ ನಡುವ ನಿಲ್ಲಸಬ್ಯಾಡ್ರಿ."

ಮನೆಯಲ್ಲಿ ಅತ್ತೆ ಗುಳಿಗೆ ನೋಡಿದವರೇ ಅಡ್ಡ ನಿಂತರು. "ಒಂದು ಔಷಧದ ಕಾವ ತಡಿಯೂದಿಲ್ಲ ಈ ಮೈ. ಎರಡು ಕೂಡಿಸಿ ನನ್ನ ಮಗನ್ನ ಕೊಲ್ಲತಿಯೇನು? ಯಾವುದು ಒಂದ ಕೊಡಬೇಕು, ದ್ಯಾಮವ್ವನ್ನ ಕೇಳಿ ಬಾ."

ನಮ್ಮಲ್ಲಿ ಹೆಣ್ಣು ತರುವುದಿರಲಿ, ಬೋರು ಕೊರೆಸುವುದಿರಲಿ, ಊರದೇವಿಯ ಹೂ ಬಿದ್ದು ಅಪ್ಪಣೆ ಆಗದೆ ಮುಂದುವರಿಯುವುದಿಲ್ಲ. ನನಗೂ ಒಳಗೊಳಗೆ ಹೆದರಿಕೆಯಿತ್ತು. ಗುಳಿಗೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗುಡಿಗೆ ಹೋದೆ. ಪೂಜಾರಿ ಅಜ್ಜ ಎರಡು ಹೂ ನೀರಿಗದ್ದಿ ತಾಯಿಯ ಎರಡೂ ಭುಜಕ್ಕೆ ಹಚ್ಚಿದರು. ಬಲಗಡೆಯದು ಬಿದ್ದರೆ ಸಣ್ಣ ಗುಳಿಗೆ, ಎಡಗಡೆಯದು ಬಿದ್ದರೆ ದೊಡ್ಡದು ಎಂದು ಕೇಳಿಕೊಂಡೆ.

ಹೂ ಅಲುಗಲಿಲ್ಲ. ಹೊರಗೆ ಮಳೆ ಶುರುವಾಯಿತು. ಮನೆಯಲ್ಲಿ ಅವರು ಹೇಗಿದ್ದಾರೋ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದೆ. ಕಡೆಗೆ ಲೆಕ್ಕಾಚಾರದ ಪ್ರಶ್ನೆ ಬಿಟ್ಟು, "ಅವ್ವಾ, ನನಗ ಗುಳಿಗಿ ತಿಳಿಯೂದಿಲ್ಲ. ನನಗ ನನ್ನ ಗಂಡ ಬೇಕು," ಎಂದು ಅತ್ತುಬಿಟ್ಟೆ.

ಎರಡೂ ಹೂ ಒಟ್ಟಿಗೆ ಬಿದ್ದವು.

ಗಾಳಿಗೆ ಬಿದ್ದವು ಎನ್ನುವವರು ಅನ್ನಲಿ, ನಾನು ಜಗಳಕ್ಕೆ ಹೋಗುವುದಿಲ್ಲ. ಅಜ್ಜ ಹೂಗಳನ್ನು ನೋಡಿದರು, ನನ್ನನ್ನು ನೋಡಿದರು.

"ಡಾಕ್ಟರು ಏನಂದಿದ್ರು, ತಂಗಿ?"

"ಎರಡೂ ಕೂಡೇ ಕೊಡು ಅಂದಿದ್ರು, ಅಜ್ಜಾ."

"ಮತ್ತ ಇಲ್ಲಿ ಯಾಕ ಕುಂತಿ? ತಾಯಿನೂ ಅದನ್ನ ಅಂದಾಳ. ನಡಿ, ನಡಿ."

ಮಳೆಯಲ್ಲೇ ಓಡಿದೆ. ಅತ್ತೆ ಹೂ ಕಣ್ಣಿಗೊತ್ತಿಕೊಂಡು, ತಾವೇ ಮಗನ ತಲೆ ಎತ್ತಿ ಹಿಡಿದು ಗಂಜಿ ಕುಡಿಸಿದರು, ಎರಡೂ ಗುಳಿಗೆ ನುಂಗಿಸಿದರು. ಮರುದಿನ ಸಂಜೆಗೆ ಬೆವರು ಹರಿದು ಮೈ ತಣ್ಣಗಾಯಿತು. ಇವರು ಎದ್ದು ಕುಳಿತು ಚಹಾ ಕೇಳಿದರು. "ಆರಾಮ ಆಗೇನಿ, ಇನ್ನ ಗುಳಿಗಿ ಸಾಕು," ಎಂದರು.

"ಬಾಯಿ ತಗಿ," ಎಂದರು ಅತ್ತೆ. "ದೇವಿ ಮಾತು ಅರ್ಧಕ್ಕ ಬಿಡ್ತಿಯೇನು?"

ಉಳಿದವೂ ಹೊಟ್ಟೆಗೆ ಹೋದವು. ಮುಂದೆ ಮತ್ತೆ ರಕ್ತ ನೋಡಿದಾಗ ಹುಳ ಇರಲಿಲ್ಲ. ಜ್ವರ ತಿರುಗಿ ಬರಲಿಲ್ಲ. ದಸರೆಯ ಹೊತ್ತಿಗೆ ಇವರು ಕರಣಿ ಹಿಡಿದು ಗುಡಿಯ ಕಟ್ಟೆಗೆ ಗಿಲಾವು ಮಾಡಿಕೊಟ್ಟರು. ಅದು ನಮ್ಮ ಹರಕೆ.

ತಾಯಿ ಉಳಿಸಿದಳೋ, ಗುಳಿಗೆ ಉಳಿಸಿತೋ ಎಂದು ನನ್ನ ತಮ್ಮ ಒಮ್ಮೆ ಚೇಷ್ಟೆಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಹೇಳಿದರು:

"ಒಂದನ್ನ ಆರಿಸಾಕ ಹೋಗಿ ಮಗನ್ನ ಕಳಕೊಳ್ಳತಿದ್ದೆ. ಮತ್ತ ಆರಿಸು ಅನಬ್ಯಾಡ."