ತಂಪಿನ ಪೆಟ್ಟಿಗೆಯ ಶಾಂತಾಬಾಯಿ

ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಶಾಂತಾಬಾಯಿ ತಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ನೋವಿನಲ್ಲಿದ್ದವರಿಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು. "ನನ್ನ ಕೈ ಮೊದಲಿಂದ ತಣ್ಣಗ. ಒಳಗಿನ ಕೂಸು ಬೆದರಬಾರದು, ತಡಿ," ಎನ್ನುತ್ತಿದ್ದರು.

ಅವರು ಹುನಗುಂದದ ದವಾಖಾನೆಯ ನರ್ಸು. ಐವತ್ತರ ದಶಕದಲ್ಲಿ ಊರಿನವರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು. ನಮ್ಮ ಮನೆ ದವಾಖಾನೆಯ ಹಿಂದೆ, ನಡುವೆ ಒಂದು ಮೋಟುಗೋಡೆ. ನನ್ನ ಯಜಮಾನರು ಸಾಲಿ ಮಾಸ್ತರರು.

ಆ ದವಾಖಾನೆಗೆ ಚಿಮಣಿ ಎಣ್ಣೆಯಿಂದ ನಡೆಯುವ ತಂಪಿನ ಪೆಟ್ಟಿಗೆ ಬಂದಾಗ ಜನ ಸಾಲುಗಟ್ಟಿ ನೋಡಲು ಹೋದರು. ಕೆಳಗೆ ದೀಪ ಉರಿಯುತ್ತದೆ, ಮೇಲೆ ಬರ್ಫ ಕಟ್ಟುತ್ತದೆ ಎಂದರೆ ಯಾರೂ ನಂಬಲಿಲ್ಲ. ಸೂಜಿಮದ್ದು ಕೆಡದಿರಲಿ ಎಂದು ತಂದಿಟ್ಟ ಪೆಟ್ಟಿಗೆ ಅದು. ಬಾಯಾರು ಅದರ ಬರ್ಫದ ಖಾನೆಯಲ್ಲಿ ತಮ್ಮದೊಂದು ಉದ್ದನೆಯ ಡಬ್ಬಿ ಇಟ್ಟರು. ಅದರೊಳಗೆ ಮೈದಾ, ತುಪ್ಪ, ಸಕ್ಕರೆ, ಯಾಲಕ್ಕಿ ಹಾಕಿ ನಾದಿ, ಲಟ್ಟಣಿಗೆಯಷ್ಟು ದಪ್ಪಗೆ ಉರುಳಿಸಿದ ನಾನಖಟಾಯಿ ಬಿಸ್ಕೀಟಿನ ಹಿಟ್ಟು. ಡಾಕ್ಟರು ಸಿಟ್ಟಾದರು. ಬಾಯಾರು, "ಹಿಟ್ಟು ಡಬ್ಬ್ಯಾಗ ಐತ್ರಿ ಸಾಹೇಬ್ರ. ಅದಕ್ಕೂ ನಿಮ್ಮ ಔಷಧಕ್ಕೂ ಮಾತಿಲ್ಲ ಕತಿ ಇಲ್ಲ," ಅಂದರು. ಸಂಜೆ ಬಿಸಿ ನಾನಖಟಾಯಿ ನಾಲ್ಕು ತಿಂದ ಮೇಲೆ ಸಾಹೇಬರು ಮತ್ತೆ ಆ ಮಾತು ಎತ್ತಲಿಲ್ಲ.

ಹಿಟ್ಟನ್ನು ಹಾಗೆ ಬರ್ಫದಲ್ಲೇಕೆ ಇಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಇದ್ದಲಿ ಶೇಗಡಿ ಹೊತ್ತಿಸಿ ಬೇಯಿಸಾಕ ಕುಂತ್ರ ಯಾರರೆ ಕರಿಯಾಕ ಬರ್ತಾರ. ಹಡಿಯೋ ಹೆಣಮಗಳು ತಡಿಯಂಗಿಲ್ಲ, ಹಿಟ್ಟು ತಡೀತೈತಿ," ಎಂದಿದ್ದರು.

ನನ್ನ ಮೊದಲ ಹೆರಿಗೆ ಅವರ ಕೈಯಲ್ಲೇ ಆಯಿತು. ಕೂಸಿನ ಅಳು ಕೇಳಲಿಲ್ಲ. ಆಮೇಲೆ ಬಾಯಾರು ನನ್ನ ತಲೆಯ ಹತ್ತಿರ ಬಂದು ನಿಂತರು. "ಗಂಡಕೂಸು, ತಂಗಿ. ಉಸರು ಹಿಡೀಲಿಲ್ಲ. ನೋಡ್ತೀಯೇನು?"

ಬಾಗಿಲಲ್ಲಿದ್ದ ನಮ್ಮತ್ತೆ, "ಬ್ಯಾಡ್ರಿ, ತೋರಿಸಬ್ಯಾಡ್ರಿ," ಅಂದರು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಬಾಯಾರು ಸ್ವಲ್ಪ ಹೊತ್ತು ಕಾದರು. ಆಮೇಲೆ ಕೂಸನ್ನು ತೆಗೆದುಕೊಂಡು ಹೋದರು.

ಅಳು ಬರಲಿಲ್ಲ. ಮೂರನೆಯ ದಿನ ಎದೆಯಲ್ಲಿ ಹಾಲು ಬಂತು. ಬಾಯಾರು ಬಂದು, ಹಾಲು ನಿಲ್ಲಲೆಂದು ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಿದರು. ನಾನು ಮನೆಯ ಗೋಡೆ ನೋಡುತ್ತ ಕುಳಿತೆ. ಯಜಮಾನರು ಸಾಲಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಏನಾದರೂ ಕೇಳಲು ಬಾಯಿ ತೆರೆದು, ಕೊನೆಗೆ "ನೀರು ಕುಡದಿ?" ಎಂದಷ್ಟೇ ಕೇಳುತ್ತಿದ್ದರು.

ಐದನೆಯ ದಿನದಿಂದ ಬಾಯಾರು ನಾಲ್ಕು ಗಂಟೆಗೆ ಡಬ್ಬಿ ಹಿಡಿದು ಬರತೊಡಗಿದರು. ನಮ್ಮದೇ ಶೇಗಡಿ ಹೊತ್ತಿಸಿ, ಬೋಗಾಣಿಯಲ್ಲಿ ಉಸುಕು ಹಾಕಿ, ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದರು. ಕಲ್ಲಿನಂತಾಗಿದ್ದ ಹಿಟ್ಟಿನಿಂದ ಎರಡೇ ಎರಡು ಬಿಲ್ಲೆ ಕೊಯ್ದು ಬೇಯಿಸುತ್ತಿದ್ದರು. ಒಂದು ನನಗೆ, ಒಂದು ಅವರಿಗೆ. "ತಿನ್ನು, ಆರತೈತಿ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಎಲ್ಲ ದೇವರ ಇಚ್ಛೆ, ಇನ್ನೊಂದಾಗುತ್ತದೆ ಎಂದು ಬಂದವರೆಲ್ಲ ಹೇಳಿದ್ದರು. ಅವರು ಅದನ್ನು ಹೇಳಲಿಲ್ಲ. ನಾನು ತಿನ್ನುತ್ತಿದ್ದೆ. ಸಿಹಿ ಇತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಒಂದು ದಿನ ನಮ್ಮತ್ತೆ, "ದಿನಾ ಯಾಕ ಒದ್ದಾಡ್ತೀರಿ? ಒಮ್ಮೆಲೇ ಎಲ್ಲಾ ಬೇಯಿಸಿ ಇಟ್ಟುಬಿಡ್ರಿ," ಅಂದರು.

"ನಾಳಿ ಮತ್ತ ಬರಾಕ ನೆವ ಬೇಕಲ್ರಿ," ಅಂದರು ಬಾಯಾರು.

ತಿಂಗಳಾಗುತ್ತ ಬಂದಿತ್ತು. ಅವರು ಡಬ್ಬಿ ತೆರೆಯುತ್ತಿದ್ದಂತೆ ಮರೋಳ ಹಳ್ಳಿಯಿಂದ ಎತ್ತಿನ ಚಕ್ಕಡಿ ಬಂದು ನಿಂತಿತು. ಅಲ್ಲೊಬ್ಬ ಬಸುರಿ ಎರಡು ದಿನದಿಂದ ನೋವು ತಿನ್ನುತ್ತಿದ್ದಾಳಂತೆ. ಬಾಯಾರು ಚಾಕು ನನ್ನ ಕೈಗೆ ಕೊಟ್ಟರು. "ನೀನ ಕೊಯ್ಯಿ, ನೀನ ಬೇಯಿಸು. ಉಳದದ್ದು ಕರಗೂದ್ರಾಗ ಪೆಟ್ಟಿಗ್ಯಾಗ ಇಡು." ಹತ್ತಿ ಹೋಗಿಯೇಬಿಟ್ಟರು.

ಅತ್ತೆ ಮನೆಯಲ್ಲಿರಲಿಲ್ಲ. ನಾನು ಎರಡು ಬಿಲ್ಲೆ ಕೊಯ್ದು ಬೋಗಾಣಿಯಲ್ಲಿ ಬೇಯಲು ಇಟ್ಟೆ. ಉಳಿದ ಹಿಟ್ಟು ಬೆರಳಿಗೆ ಅಂಟತೊಡಗಿತು. ಡಬ್ಬಿ ಮುಚ್ಚಿಕೊಂಡು ದವಾಖಾನೆಗೆ ನಡೆದೆ. ಹೆರಿಗೆಯ ನಂತರ ಹೊಸಿಲು ದಾಟಿದ್ದು ಅದೇ ಮೊದಲು. ಪೆಟ್ಟಿಗೆ ಇದ್ದದ್ದು ಹೆರಿಗೆ ಕೋಣೆಯ ಆಚೆ. ನಾನು ಹೆತ್ತ ಆ ಮಂಚದ ಪಕ್ಕದಿಂದಲೇ ಹೋಗಬೇಕಿತ್ತು. ಹೋದೆ, ಇಟ್ಟೆ, ಬಂದೆ. ಮನೆಗೆ ಬರುವಷ್ಟರಲ್ಲಿ ಒಂದು ಬಿಲ್ಲೆ ಹೊತ್ತಿತ್ತು.

ಮರುದಿನ ಬೆಳಿಗ್ಗೆ ಬಾಯಾರು ಮರೋಳದಿಂದ ನೆಟ್ಟಗೆ ನಮ್ಮ ಮನೆಗೆ ಬಂದರು. ಸೀರೆಯ ತುಂಬ ಧೂಳು. "ಹೊತ್ತಿಸಿದೇನು?"

"ಒಂದು. ಇನ್ನೊಂದು ನಿಮಗಂತ ಇಟ್ಟೇನ್ರಿ."

ಕಟ್ಟೆಯ ಮೇಲೆ ಕುಳಿತು ತಿಂದರು. ಆಗ ನನಗೇ ಗೊತ್ತಿಲ್ಲದಂತೆ ಕೇಳಿದೆ: "ಬಾಯಾರ, ನನ್ನ ಕೂಸು ಹೆಂಗಿತ್ತರಿ?"

ಅವರು ಬಾಯೊಳಗಿನದು ನುಂಗಿ, ಕೈ ಝಾಡಿಸಿಕೊಂಡು, ನನ್ನ ಕಡೆ ತಿರುಗಿ ಕುಳಿತರು. "ತಲಿತುಂಬ ಕೂದಲಿತ್ತು. ಉದ್ದನ್ನ ಬೆರಳು, ಮಾಸ್ತರವು ಇದ್ದಂಗ. ಬಲಗಿವಿ ತುದಿಗೆ ಒಂಚೂರು ಮಡಚಿತ್ತು. ಬಿಸಿನೀರಾಗ ತೊಳದು, ನನ್ನ ಬಿಳಿ ಸೀರಿ ಹರದು ಸುತ್ತಿ ಕೊಟ್ಟೇನಿ ತಂಗಿ. ಬರೇ ಮೈಲೆ ಕಳಿಸಿಲ್ಲ."

ಆಗಲೂ ಅಳು ಬರಲಿಲ್ಲ. ಆದರೆ ಆ ದಿನ ನಾನೇ ತಲೆ ಬಾಚಿಕೊಂಡೆ.

ಎರಡು ವರ್ಷದ ಮೇಲೆ ಯಜಮಾನರಿಗೆ ಬಾಗಲಕೋಟೆಗೆ ವರ್ಗವಾಯಿತು. ಹೊರಡುವ ದಿನ ಹೇಳಿಹೋಗಲು ದವಾಖಾನೆಗೆ ಹೋದೆ. ಒಳಗೆ ಯಾರೋ ಹೆರುತ್ತಿದ್ದರು. ಬಾಯಾರು ಬಾಗಿಲು ಅರ್ಧ ತೆರೆದು, ಒದ್ದೆ ಕೈ ಮೇಲೆತ್ತಿಕೊಂಡು ನಿಂತರು. ನನ್ನನ್ನು ಒಮ್ಮೆ ನೋಡಿದರು.

"ಎಷ್ಟು ತಿಂಗಳು?"

"ಮೂರ್ರಿ." ಇನ್ನೂ ಯಾರಿಗೂ ಹೇಳಿರಲಿಲ್ಲ.

"ಅಲ್ಲಿ ದೊಡ್ಡ ದವಾಖಾನಿ ಐತಿ. ಏಳನೇ ತಿಂಗಳಿಂದ ವಾರಕ್ಕೊಮ್ಮಿ ಹೋಗು. ಹೆದರಿಕಿ ಬಂದ್ರ ಬರಲಿ, ಹೆದರಕೋತನ ಹೋಗು."

ಒಳಗಿನಿಂದ ಕೂಗು ಬಂತು. ಬಾಗಿಲು ಮುಚ್ಚಿತು.

ನಾನು ಪ್ರತಿ ವಾರ ಹೋದೆ. ಮಗಳು ಹುಟ್ಟಿದ ಮೇಲೆ ಹುನಗುಂದಕ್ಕೆ ಒಂದು ಕಾರ್ಡು ಹಾಕಿದೆ. ಹದಿನೈದು ದಿನಕ್ಕೆ ಅದು ತಿರುಗಿ ಬಂತು. ನರ್ಸಬಾಯಿಯವರಿಗೆ ವರ್ಗವಾಗಿದೆ ಎಂದು ಅದರ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು. ಎಲ್ಲಿಗೆ ಎಂದು ಬರೆದಿರಲಿಲ್ಲ.