ಪಾರಮ್ಮನ ಕಡೆಯ ನುಡಿ

ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ಹಿಟ್ನಾಳದ ಪಾರಮ್ಮನ ದ್ವೇಷದ ಮುಂದೆ ಆ ಹಾವು ಯಾವ ಲೆಕ್ಕ?

ಭತ್ತದ ನಾಟಿಗೆ ಬಗ್ಗಿದಳೆಂದರೆ ಪಾರಮ್ಮನ ಬಾಯಲ್ಲಿ ಹೊಸ ಹಾಡು ಹುಟ್ಟುತ್ತಿತ್ತು. ಪ್ರತಿ ಹಾಡಿನ ಕಡೆಯ ನುಡಿಯಲ್ಲಿ ‘ಹಿಟ್ನಾಳ ಪಾರಿ ಹೇಳ್ಯಾಳ’ ಎಂದು ಹೆಸರು ಕೂಡಿಸುವಳು. ಕಟ್ಟಿದವರ ಹೆಸರು ಹಾಡಿನೊಳಗೇ ಇರಬೇಕು, ಅದು ಹಿರಿಯರ ಪದ್ಧತಿ. 1997ರಲ್ಲಿ ಭಾಗ್ಯನಗರದ ಗಾಯಕ ಗ್ಯಾನಪ್ಪ ಬಂದು, “ಅಕ್ಕಾ, ನಿನ್ನ ಹಾಡು ಕ್ಯಾಸೆಟ್ ಮಾಡಸ್ತೀನಿ. ನಾಡೆಲ್ಲ ನಿನ್ನ ಹೆಸರು ಕೇಳಬೇಕು ನೋಡು” ಎಂದು ಬೆಣ್ಣೆ ಹಚ್ಚಿದ. ಪಾಪ, ನಂಬಿದಳು. ಇದ್ದಬದ್ದ ಹಾಡೆಲ್ಲ ಹೇಳಿಕೊಟ್ಟಳು.

ಕ್ಯಾಸೆಟ್ ಬಂತು. ಟಂಟಂ ಗಾಡಿಯಲ್ಲಿ, ಚಹಾದಂಗಡಿಯಲ್ಲಿ ಅವಳ ಹಾಡೇ ಹಾಡು. ಆದರೆ ಕಡೆಯ ನುಡಿಯಲ್ಲಿ ಕೇಳಿಸಿದ್ದು ‘ಭಾಗ್ಯನಗರ ಗ್ಯಾನ ಹೇಳ್ಯಾನ’. ಪಾರಮ್ಮ ಅವನ ಮನೆಗೇ ಹೋಗಿ ಕೇಳಿದಳು.

“ಹೊಲದಾಗಿನ ಹಾಡಿಗೆ ಯಾರ ಹೆಸರಾದ್ರ ಏನ ಬೇ?” ಎಂದು ಗ್ಯಾನಪ್ಪ ನಕ್ಕ.

ಆ ನಗೆಯನ್ನು ಅವಳು ಮರೆಯಲಿಲ್ಲ. ತಾಳಿದವರು ಬಾಳಿಯಾರು ಎಂದು ಊರವರು ಬುದ್ಧಿ ಹೇಳಿದರು. ತಾಳಿದಳು, ಆದರೆ ಬಾಳಲಿಕ್ಕಲ್ಲ. ಅವನು ಅವೇ ಹಾಡುಗಳ ಮೇಲೆ ಶಾಲು, ಹಾರ, ‘ಜನಪದ ಕವಿ’ ಎಂಬ ಬಿರುದು ಗಿಟ್ಟಿಸಿದ. ಕವಿಯ ಹೊಸ ಹಾಡು ಯಾಕೆ ಬರುತ್ತಿಲ್ಲ ಎಂದು ಒಬ್ಬನಾದರೂ ಕೇಳಬೇಕಲ್ಲ!

ವರ್ಷಗಳು ಉರುಳಿದವು. ಪಾರಮ್ಮನ ಮನೆಯಲ್ಲೇ ಇದ್ದ ಅವಳ ತಮ್ಮನ ಮಗ ಗವಿಸಿದ್ದೇಶನಿಗೆ ಹೆಣ್ಣು ಹುಡುಕುವಾಗ ಗ್ಯಾನಪ್ಪನ ಮಗಳು ಮಹೇಶ್ವರಿಯ ಮಾತು ಬಂತು. ಮನೆಯವರು ಪಾರಮ್ಮನ ಮುಖ ನೋಡಿದರು. “ಹುಡುಗಿ ಭಾಳ ಛಲೋ ಅದಾಳ, ಮಾಡಿಕೊಳ್ರಿ” ಎಂದಳು. ಹುಡುಗಿ ನಿಜಕ್ಕೂ ಒಳ್ಳೆಯವಳು. ಅವಳ ಮೇಲೆ ಸಿಟ್ಟಿರಲಿಲ್ಲ.

ಮದುವೆ ಹಿಟ್ನಾಳದಲ್ಲೇ ಆಯಿತು. ಬೀಗರು ಊಟಕ್ಕೆ ಕೂತಾಗ ಹೆಂಗಸರು ಹಾಡು ಹಾಡಿ ಛೇಡಿಸುತ್ತಾರೆ. ಬೀಗ ಸಿಟ್ಟಾಗುವಂತಿಲ್ಲ, ಎಲೆ ಬಿಟ್ಟು ಏಳುವಂತಿಲ್ಲ. ಹಾಡಿಗೆ ಹಾಡು ಕಟ್ಟಿಯೇ ಉತ್ತರ ಕೊಡಬೇಕು. ಪಾರಮ್ಮ ಸೆರಗು ಸಿಕ್ಕಿಸಿದಳು.

“ಹಾಡು ಕದ್ದ ಬೀಗ ಬಂದಾನ, ಹೋಳಿಗಿ ಬಡಸ್ರೆವ್ವ,
ಹೆಸರು ನುಂಗಿ ಹೊಟ್ಟಿ ಉಬ್ಬೈತಿ, ಅಜವಾನ ಕೊಡ್ರೆವ್ವ!”

ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. “ಕವಿಗಳು ನೀವು, ಕಟ್ರಿ ಉತ್ತರ!” ಎಂದು ಎಲ್ಲರೂ ಗ್ಯಾನಪ್ಪನ ಕಡೆ ತಿರುಗಿದರು. ಅವನ ಬಾಯಲ್ಲಿ ಒಂದು ಸಾಲೂ ಹುಟ್ಟಲಿಲ್ಲ. ನಗು ನಿಂತಿತು. ಮದುಮಗಳು ತಲೆ ತಗ್ಗಿಸಿದಳು. ಕೊನೆಗೆ ಮಾನ ಉಳಿದರೆ ಸಾಕೆಂದು ಕ್ಯಾಸೆಟ್ಟಿನ ಹಳೆಯ ಹಾಡನ್ನೇ ಎತ್ತಿಕೊಂಡ.

ಕಡೆಯ ನುಡಿ ಬರುವ ಹೊತ್ತಿಗೆ ಪಾರಮ್ಮ ಹೋಳಿಗೆ ಬುಟ್ಟಿ ಹಿಡಿದು ಅವನ ಎಲೆಯ ಮುಂದೆ ನಿಂತಿದ್ದಳು. ಅವಳ ಮುಖ ನೋಡಿದ. ನಾಳೆಯಿಂದ ಅವಳ ಮನೆಯಲ್ಲಿ ಬಾಳಬೇಕಾದ ಮಗಳ ಮುಖ ನೋಡಿದ. ‘ಹಿಟ್ನಾಳ ಪಾರಿ ಹೇಳ್ಯಾಳ’ ಎಂದು ಮೆಲ್ಲಗೆ ಹಾಡಿದ.

ಪಾರಮ್ಮ ಹೋಳಿಗೆ ಬಡಿಸಲಿಲ್ಲ.

“ಹಿಂದಿನ ಪಂಕ್ತಿಗೆ ಕೇಳಲಿಲ್ಲರಿ ಬೀಗರ,” ಎಂದಳು. “ಇನ್ನೊಮ್ಮೆ ಹಾಡ್ರಿ.”