ಪುರುಸೊತ್ತಿಲ್ಲ ಎಂದು ಬರೆದೆ

ನೀವು ಕೇಳಿಕೊಂಡು ಬಾ ಎಂದು ಕಳಿಸಿದ ಪ್ರಶ್ನೆಗೆ ನಾನು ತಂದುಕೊಟ್ಟ ಉತ್ತರ ಸುಳ್ಳು. ನಮ್ಮೂರ ಹೆಂಗಸರು ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದನ್ನು ನುಂಗಿಕೊಂಡು, ನನಗೆ ತೋಚಿದ್ದನ್ನು ಅವರ ಮಾತೆಂದು ಬರೆದುಕೊಟ್ಟೆ. ಅದನ್ನು ನಂಬಿ ನೀವು ನಿಮ್ಮ ಎಂ.ಎ. ಪ್ರಬಂಧ ಬರೆದಿರಿ. ನಂಬಿಕೊಂಡೇ ಹೋದಿರಿ.

ಅದರ ಹಿಂದಿನ ದಿನ — ಆ ದಿನವನ್ನೇ ಎಷ್ಟು ಸಲ ನೆನೆಯುತ್ತೇನೋ. ಹುಲಿಕುಂಟೆ ಕಡೆಯ ನನ್ನ ತವರಿಗೆ ನಾವಿಬ್ಬರೂ ಬಂದಿದ್ದೆವು. ಬೀದಿಯುದ್ದಕ್ಕೂ ಕಂಬಳಿಯ ಹಾಸುನೂಲನ್ನು ಎಳೆದು ಕಟ್ಟಿ, ಗಂಡಸರು ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಆ ವಾಸನೆ ನಿಮಗೆ ಇಷ್ಟ. ನೀವು ಜಗಲಿಯಲ್ಲಿ ಕೂತು ಪೆನ್ಸಿಲು ಹೆರೆಯುತ್ತಿದ್ದಿರಿ. ನಾನು ಪಕ್ಕದಲ್ಲಿ ಹುರುಳಿ ಆರಿಸುತ್ತಿದ್ದೆ. ನಮ್ಮ ನಡುವೆ ಮುಚ್ಚಿಟ್ಟ ಮಾತು ಒಂದೂ ಇರಲಿಲ್ಲ. ಅಂಥ ದಿನ ಮತ್ತೆ ಬರಲಿಲ್ಲ.

ಮೈಸೂರಿನ ಕಾಲೇಜಿನಲ್ಲಿ ನೀವು ಹಿಡಿದ ವಿಷಯ, ಕಂಬಳಿ ನೇಯುವವರ ಸಹಕಾರ ಸಂಘಗಳು ಯಾಕೆ ನಿಲ್ಲುವುದಿಲ್ಲ, ಅವನ್ನು ನಡೆಸುವುದರಲ್ಲಿ ತೊಡಕು ಎಲ್ಲಿದೆ ಎಂಬುದು. ನಮ್ಮ ಕುರುಬರಲ್ಲಿ ಅಷ್ಟು ಓದಿದವರು ನಮ್ಮ ಕಡೆ ಆಗ ಯಾರೂ ಇರಲಿಲ್ಲ. ನೀವು ಎಂ.ಎ. ಸೇರಿದ ಸುದ್ದಿ ತಿಳಿದ ದಿನ ನನ್ನ ಅಪ್ಪ, ನಮ್ಮೂರ ಸಂಘದ ಅಧ್ಯಕ್ಷರು, ಜನ ಸೇರಿಸಿ ನಿಮ್ಮ ಹೆಗಲಿಗೆ ಕರಿ ಕಂಬಳಿ ಹೊದಿಸಿದ್ದರು. ಊರಿಗೆ ಯಾವ ಅಧಿಕಾರಿ ಬಂದರೂ ಅಪ್ಪ ಹಾಗೆ ಒಂದು ಒಳ್ಳೆಯ ಕಂಬಳಿ ಹೊದಿಸುತ್ತಿದ್ದರು. ಅದು ನಮ್ಮಲ್ಲಿ ದೊಡ್ಡ ಮರ್ಯಾದೆ.

ಸಂಘದ ಕಷ್ಟ ನಿಮ್ಮ ಕಣ್ಣಿಗೆ ಬೇಗ ಬಿತ್ತು. ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ; ಆದರೆ ಹೆಂಗಸರಿಂದ ಸಂಘಕ್ಕೆ ಬರುವ ನೂಲು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು, ಮಗ್ಗಗಳು ಸುಮ್ಮನೆ ನಿಂತಿದ್ದವು. ಯಾಕೆ ಎಂದು ಕೇಳಬೇಕು. ನೀವು ಕೇಳುವಂತಿರಲಿಲ್ಲ. ಊರ ಮಗಳ ಗಂಡ ಎಂದರೆ ಊರಿಗೆಲ್ಲ ಅಳಿಯ. ಅಳಿಯನ ಎದುರು ಹೆಂಗಸರು ನಿಲ್ಲುವುದಿಲ್ಲ.

“ನನ್ನ ಕಂಡ್ರೆ ನಿಮ್ಮೂರ ಹೆಂಗಸ್ರಿಗೆ ಸೆರಗು ಸಾಲಲ್ಲ ಕಣೆ,” ಎಂದು ನಕ್ಕಿರಿ. “ನಾನು ಕೇಳಿದ್ದಕ್ಕೆಲ್ಲ ಬಾಗ್ಲೇ ಉತ್ರ ಹೇಳ್ತದೆ. ನಾಳೆ ನೀನೇ ಹೋಗ್ಬಾ.”

ಮಿಡ್ಲ್ ಸ್ಕೂಲು ಓದಿದ್ದ ನನಗೆ ಅದು ಹೆಮ್ಮೆಯಾಗಿತ್ತು. ಹೋದೆ.

ಈರಕ್ಕನ ಹಟ್ಟಿಯಲ್ಲಿ ಹೆಂಗಸರು ರಾಟೆ ಇಟ್ಟುಕೊಂಡು ಕೂತಿದ್ದರು. ಈರಕ್ಕ ನನ್ನನ್ನು ಎತ್ತಿ ಆಡಿಸಿದವಳು. ನಾನು, ಮನೆಗೆಲಸದಿಂದ ನೂಲೋಕೆ ಪುರುಸೊತ್ತು ಸಿಗಲ್ವೇನಕ್ಕ ಎಂದು ಶುರುಮಾಡಿದೆ.

“ಪುರುಸೊತ್ತಿಲ್ದೆ ನಿನ್ ತಾವ ಕುಂತು ಮಾತಾಡ್ತಾ ಇದೀನಾ?” ಎಂದಳು. “ಬರ್ಕಳಕೆ ಬಂದಿದೀಯ? ನಿಜ ಬರ್ಕಂಡ್ರೆ ನಿನ್ನ ತವ್ರೇ ಕೆಟ್ಟೋಯ್ತದೆ ಕಣಮ್ಮ. ಸುಮ್ಕೆ ಹುರ್ಳಿಕಾಳು ತಿಂದು ಎದ್ದೋಗು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ನಗುವುದನ್ನು ನಿಲ್ಲಿಸಿದಳು.

ನಮ್ಮೂರಲ್ಲಿ ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ತುಪ್ಪಟ ಮನೆಯ ಹೆಂಗಸಿನದು. ಅದು ಮೆತ್ತಗೆ, ಅಚ್ಚ ಕಪ್ಪಗೆ ಇರುತ್ತದೆ. ತಾಯಿ ಅದನ್ನು ವರ್ಷಗಟ್ಟಲೆ ಮಡಕೆಯಲ್ಲಿ ಕೂಡಿಟ್ಟು, ತಾನೇ ನೂತು, ಮಗಳ ಮದುವೆಗೆ ಒಂದು ಕಂಬಳಿ ನೇಯಿಸುತ್ತಾಳೆ. ಮಗಳು ಬಾಣಂತಿಯಾದಾಗ ಕೂಸನ್ನು ಸುತ್ತುವುದು ಅದರಲ್ಲೇ. ಅದಕ್ಕೆ ಗಂಡಸರು ಕೈ ಹಾಕುವುದಿಲ್ಲ.

“ನಿಮ್ಮಪ್ಪ ಬಂದ್ರು,” ಎಂದಳು ಈರಕ್ಕ. “ಸಂಗಕ್ಕೆ ಕೊಡವ್ವ, ಚೆಂದಾಗಿ ನೇಯ್ಸಿ ಕೊಡ್ತೀನಿ ಅಂದ್ರು. ನಂಬ್ಬುಟ್ಟೆ. ನನ್ ಮಗ್ಳು ಕೆಂಚಿ ಬರಿಗೈಲಿ ಗಂಡನ್ ಮನೆಗೆ ಹೋದ್ಲು. ಈಗ ಅವ್ಳಿಗೆ ಎಲ್ಡು ಮಕ್ಳು. ಕಂಬ್ಳಿ ಇನ್ನೂ ಮಗ್ಗದ ಮ್ಯಾಲೇ ಐತಂತೆ.”

“ನಂದೂ ಅಂಗೇ,” ಎಂದಳು ಮತ್ತೊಬ್ಬಳು. “ತಾಲ್ಲೂಕಿಂದ ಬಂದಿದ್ದ ಸಾಹೇಬ್ರ ಹೆಗ್ಲಿಗೆ ಹಾಕುದ್ರಲ್ಲ, ಅದು ನಂದು. ಗುರುತು ಸಿಕ್ತು. ಕೇಳಕಾಯ್ತದಾ?”

ಅವರು ಅಂದಿನಿಂದ ಒಳ್ಳೆಯ ನೂಲನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟು, ಸಂಘಕ್ಕೆ ಕಸಕಡ್ಡಿ ತುಂಬಿದ ಒಂದಿಷ್ಟನ್ನು ಮಾತ್ರ ಕೊಡುತ್ತಿದ್ದರು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಒಬ್ಬೊಬ್ಬರಾಗಿ ಕೈ ಬಿಟ್ಟಿದ್ದರು.

ನಾನು ಏಳುವಾಗ ಈರಕ್ಕ ಮೆಲ್ಲಗೆ ಕೇಳಿದಳು: “ನಿನ್ ಗಂಡನ್ ಹೆಗ್ಲ ಮ್ಯಾಲೆ ಹಾಕಿದ್ದು ಯಾರ್ದು ಅಂದ್ಕಂಡಿದ್ದೀಯ, ಮಗ?”

ಕೆಂಚಿಯದು. ನೀವು ಮೈಸೂರಿನ ಕೋಣೆಯಲ್ಲಿ ಹೊದ್ದುಕೊಂಡು ಓದುತ್ತಿದ್ದದ್ದು ಕೆಂಚಿಯ ಕಂಬಳಿ.

ಮನೆಗೆ ಬರುವ ದಾರಿಯಲ್ಲಿ ಏನೇನು ಯೋಚಿಸಿದೆ — ಅಪ್ಪನ ಮುಖ, ನಿಮ್ಮ ಮುಖ. ನಿಮಗೆ ಗೊತ್ತಾದರೆ ಆ ಕ್ಷಣವೇ ಕಂಬಳಿ ತಂದು ಈರಕ್ಕನ ಹೊಸ್ತಿಲಲ್ಲಿ ಇಡುತ್ತೀರಿ, ಊರೆಲ್ಲ ನೋಡುತ್ತದೆ, ಅಪ್ಪ ತಲೆಯೆತ್ತಿ ನಡೆಯುವುದಿಲ್ಲ — ಇಷ್ಟೇ. ಹೆಂಗಸರ ವಿಚಾರ ನನ್ನ ತಲೆಗೆ ಬರಲೇ ಇಲ್ಲ. ಅವರು ನನ್ನನ್ನು ನಂಬಿ ಹೇಳಿದ್ದರು ಎಂಬುದು ಕೂಡ.

ನೀವು ಜಗಲಿಯಲ್ಲೇ ಕಾಯುತ್ತಿದ್ದಿರಿ. ಏನಂದ್ರು ಎಂದು ಕೇಳಿದಿರಿ.

“ಪುರುಸೊತ್ತಿಲ್ವಂತೆ,” ಎಂದೆ. ಬರೆದೂ ಕೊಟ್ಟೆ. ಬೇರೆ ಬೇರೆ ಹೆಂಗಸರ ಹೆಸರಿನಲ್ಲಿ, ಬೇರೆ ಬೇರೆ ಮಾತಿನಲ್ಲಿ, ಅದನ್ನೇ.

ಪ್ರಬಂಧ ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬಾರದು. ಹೆಂಗಸರ ಅಧ್ಯಾಯ ಮುಗಿದ ದಿನ ನೀವು ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಿರಿ. ಕಾಲಿನಿಂದ ತುಳಿಯುವ ಹೊಸ ರಾಟೆ ಕೊಟ್ಟರೆ ಹೆಂಗಸರಿಗೆ ಹೊತ್ತು ಉಳಿಯುತ್ತದೆ, ನೂಲು ಹೆಚ್ಚುತ್ತದೆ, ಸಂಘ ನಿಲ್ಲುತ್ತದೆ — ಎಂದು ವಿವರಿಸುವಾಗ ನಿಮ್ಮ ದನಿಯಲ್ಲಿ ಎಷ್ಟು ಸಂತೋಷವಿತ್ತು. ಕೊನೆಗೆ ಕೇಳಿದಿರಿ, “ಸರಿಯಾಗಿ ಹೇಳಿದೀನಾ? ನೀನೇ ಅಲ್ವ ಕೇಳ್ಕೊಂಡ್ ಬಂದೋಳು.”

“ಸರಿಯಾಗಿದೆ,” ಎಂದೆ.

ಪ್ರಬಂಧ ಪಾಸಾಯಿತು. ನಿಮಗೆ ಸಹಕಾರ ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ನಿಮ್ಮ ಮಾತಿನ ಮೇಲೆಯೇ ಹೊಸ ರಾಟೆಗಳು ನಮ್ಮೂರಿಗೆ ಬಂದವು. ಹಂಚಲು ನೀವೇ ಬಂದಿರಿ. ಹೆಂಗಸರು ರಾಟೆಗೆ ಕುಂಕುಮ ಇಟ್ಟು ಒಳಗಿಟ್ಟುಕೊಂಡರು, ಅಳಿಯ ಕೊಟ್ಟದ್ದೆಂದು. ಒಬ್ಬರೂ ತುಳಿಯಲಿಲ್ಲ. ಮೇಲಧಿಕಾರಿ ನೋಡಲು ಬಂದಾಗ ಒಂದು ರಾಟೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಇನ್ನೊಂದಕ್ಕೆ ಆಡು ಕಟ್ಟಿದ್ದರು.

“ನಮ್ ಹೆಂಗಸ್ರು ಸೋಮಾರಿಗಳು ಸ್ವಾಮಿ,” ಎಂದರು ಅಪ್ಪ.

“ಸೋಮಾರಿಗಳಲ್ಲ ಮಾವ, ಅವರಿಗೆ ಪುರುಸೊತ್ತಿಲ್ಲ,” ಎಂದಿರಿ ನೀವು. ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ನೀವು ಅತ್ತ ತಿರುಗಿದಿರಿ. ನಿಮ್ಮ ಮುಖ ಬಾಡಿದ್ದನ್ನು ನಾನು ನೋಡಿದೆ. ನಾನೂ ಆ ಬಾಗಿಲ ಹಿಂದೆಯೇ ಇದ್ದೆ. ಒಂದು ಹೆಜ್ಜೆ ಮುಂದೆ ಬಂದಿದ್ದರೆ — ಬರಲಿಲ್ಲ.

ಅಧಿಕಾರಿ ನಿಮ್ಮ ಎದುರಿಗೇ ನಕ್ಕರಂತೆ, ಪುಸ್ತಕದ ಬದನೆಕಾಯಿ ಎಂದು. ಸಂಘ ಮುಚ್ಚಿತು. ನಿಮ್ಮನ್ನು ಪಾವಗಡಕ್ಕೆ ಹಾಕಿದರು. ಅಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ನೀವು ಯಾವುದರಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ. ಮೊದಲಾದರೆ ಯಾವ ಊರಿಗೆ ಹೋದರೂ ಮಗ್ಗದ ಗುಂಡಿಯ ಪಕ್ಕ ಕೂತು ಏನಾದರೂ ಕೇಳುತ್ತಿದ್ದಿರಿ. ಅಲ್ಲಿ ಕೇಳುವುದನ್ನೇ ಬಿಟ್ಟಿರಿ.

ಜ್ವರ ಹಿಡಿದು ಮಲಗಿದಾಗ, ಬೇಸಗೆಯ ಒಂದು ಮಧ್ಯಾಹ್ನ, ಸೂರು ನೋಡುತ್ತಾ ಹೇಳಿದಿರಿ: “ಬೇರೆಯೋರಿಗೆ ಗೊತ್ತಾಗ್ದಿದ್ರೆ ಹೋಗ್ಲಿ. ನಮ್ಮ ಜನ ನಂಗೇ ಅರ್ಥ ಆಗ್ಲಿಲ್ವಲ್ಲ. ನಾನು ಏನ್ ಓದಿದ್ದೋ.”

ಆಗ ಹೇಳಬಹುದಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಮೈಲಿಗಟ್ಟಲೆ ದೂರ ಇದ್ದರು. ನಿಮಗೆ ಅರ್ಥವಾಗದ್ದಲ್ಲ, ನಾನು ತಿಳಿಯಗೊಡಲಿಲ್ಲ — ಇಷ್ಟು ಹೇಳಲು ಎಷ್ಟು ಉಸಿರು ಬೇಕಿತ್ತು? ನಾನು ಒದ್ದೆ ಬಟ್ಟೆ ಮಡಿಸಿ ನಿಮ್ಮ ಹಣೆಯ ಮೇಲಿಟ್ಟೆ. “ಮಾತಾಡಿ ಆಯಾಸ ಮಾಡ್ಕೋಬೇಡಿ,” ಎಂದೆ.

ಆ ವಾರವೇ ನೀವು ಹೋದಿರಿ.

ನಿಮ್ಮನ್ನು ಕೊಂದದ್ದು ಜ್ವರ. ಅದನ್ನು ಬಲ್ಲೆ. ಆದರೆ ಜ್ವರಕ್ಕಿಂತ ಮೊದಲು ನಿಮ್ಮೊಳಗೆ ಏನೋ ಆರಿತ್ತಲ್ಲ, ಅದನ್ನು ಆರಿಸಿದ್ದು ನಾನು. ನೀವಿಲ್ಲದ ಮನೆಯಲ್ಲಿ ಜನ ಬಂದು ಸಮಾಧಾನ ಹೇಳುವಾಗ ನನ್ನನ್ನು ಪುಣ್ಯವಂತೆ ಎಂದರು, ಅಂಥ ಗಂಡನ ಕೆಲಸದಲ್ಲಿ ಕೈ ಜೋಡಿಸಿದವಳು ಎಂದು. ಆ ಮಾತಿಗೂ ಕೈಮುಗಿದೆ.

ಅಪ್ಪ ಹೋದ ವರ್ಷ ತೀರಿಕೊಂಡರು. ಅವರು ಇರುವ ತನಕ ಇದನ್ನು ಬರೆಯುವ ಧೈರ್ಯ ನನಗೆ ಬರಲಿಲ್ಲ. ಅದೂ ನಿಮಗೆ ಗೊತ್ತಿರಲಿ. ಕರ್ಮ ಕಳೆದ ಮೇಲೆ ಈರಕ್ಕನ ಹಟ್ಟಿಗೆ ಹೋಗಿ, ಆ ಹೆಂಗಸರು ಹೇಳಿದ್ದನ್ನು ನಾನು ಬರೆಯಲಿಲ್ಲ, ನಿಮಗೂ ತಿಳಿಸಲಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಅವಳ ಕಣ್ಣು ಈಗ ಮಂಜು. “ನಾವು ಅಳಿಯಂದ್ರೇ ಕೇಳಿ ಸುಮ್ಕಾದ್ರು ಅಂದ್ಕಂಡಿದ್ವಿ,” ಎಂದಳು.

ಇಷ್ಟು ವರ್ಷ ಅವರು ನಿಮ್ಮನ್ನು ಹಾಗೆ ತಿಳಿದಿದ್ದರು. ಅದು ನನಗೆ ಹೊಳೆದೇ ಇರಲಿಲ್ಲ.

ಸಿರಾದ ಮೇಷ್ಟರೊಬ್ಬರಿಂದ ಮೈಸೂರಿನ ಕಾಲೇಜಿಗೆ, ಹೆಂಗಸರು ನಿಜವಾಗಿ ಹೇಳಿದ್ದನ್ನು ಸೇರಿಸಿ ಎಂದು ಬರೆಸಿದೆ. ಒಪ್ಪಿಕೊಂಡ ಪ್ರಬಂಧದಲ್ಲಿ ಏನನ್ನೂ ಸೇರಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಅದು ಅಲ್ಲಿನ ಪುಸ್ತಕಗಳ ನಡುವೆ, ನಿಮ್ಮ ಹೆಸರಿನಲ್ಲಿ, ಇದೆ. ಹೆಂಗಸರ ಅಧ್ಯಾಯದಲ್ಲಿ ಹೆಂಗಸರ ಮಾತು ಇಲ್ಲ.